ಪಿಟಿ ಪೀರಿಯಡ್‌ನಲ್ಲೂ ಹವಾಮಾನ ಪಾಠ: ನ್ಯೂಜೆರ್ಸಿ ಶಾಲೆಗಳಿಂದ ನಮಗೇನು ಗೊತ್ತಾಗುತ್ತೆ?

ಇದು ನಮ್ಮ ಪಾಡ್‌ಕಾಸ್ಟ್ ಸಂಚಿಕೆಯ ಅಕ್ಷರ ರೂಪ. ಓದಲು ಸುಲಭವಾಗಲಿ ಎಂದು ಅಲ್ಲಲ್ಲಿ ಸ್ವಲ್ಪ ತಿದ್ದಲಾಗಿದೆ.



ಒಂದು ಪ್ರಶ್ನೆಯಿಂದ ಶುರು ಮಾಡೋಣ. ನಿಮ್ಮ ಶಾಲೆಯಲ್ಲಿ ಪರಿಸರದ ಬಗ್ಗೆ ಏನೇನು ಹೇಳಿಕೊಟ್ರು, ನೆನಪಿದೆಯಾ? ಜೂನ್ 5 ಬಂದ್ರೆ ಒಂದು ಸಸಿ ನೆಡೋದು. ಒಂದು ಭಾಷಣ. ಒಂದು ಚಿತ್ರಕಲಾ ಸ್ಪರ್ಧೆ. ವಿಜ್ಞಾನದ ಪುಸ್ತಕದಲ್ಲಿ ಹಸಿರುಮನೆ ಪರಿಣಾಮದ ಒಂದು ಚಿತ್ರ: ಮೇಲೆ ಸೂರ್ಯ, ಕೆಳಗೆ ಭೂಮಿ, ಮಧ್ಯೆ ಬಾಣದ ಗುರುತು. ಪರೀಕ್ಷೆಯಲ್ಲಿ ಎರಡು ಅಂಕ. ಮುಗೀತು.

ಈಗ ಇನ್ನೊಂದು ದೃಶ್ಯ ಊಹಿಸಿಕೊಳ್ಳಿ. ಪಿಟಿ ಪೀರಿಯಡ್. ಎಲ್ಲರೂ ಮೈದಾನಕ್ಕೆ ಓಡೋ ತಯಾರಿಯಲ್ಲಿದ್ದಾರೆ. ಪಿಟಿ ಮೇಷ್ಟ್ರು ವಿಷಲ್ ಊದಿ ಎಲ್ಲರನ್ನೂ ನಿಲ್ಲಿಸಿ ಕೇಳ್ತಾರೆ: 'ಒಣ ಊರಲ್ಲಿ 35 ಡಿಗ್ರಿ ಬಿಸಿಲು, ಸಮುದ್ರದ ಪಕ್ಕದ ಊರಲ್ಲೂ 35 ಡಿಗ್ರಿ. ಎಲ್ಲಿ ಆಡಿದ್ರೆ ಬೇಗ ತಲೆ ಸುತ್ತುತ್ತೆ? ಯಾಕೆ?' ಉತ್ತರ ಸಮುದ್ರದ ಪಕ್ಕ. ಬೆವರು ಆರಿದಾಗ ಮೈ ತಣ್ಣಗಾಗುತ್ತೆ. ಗಾಳಿಯಲ್ಲಿ ತೇವ ಜಾಸ್ತಿ ಇದ್ರೆ ಬೆವರು ಆರೋದೇ ಇಲ್ಲ, ಮೈಯ ಬಿಸಿ ಒಳಗೇ ಉಳಿಯುತ್ತೆ. ಅಂದ್ರೆ ಬಿಸಿಲು ಹೆಚ್ಚೋ ಕಾಲದಲ್ಲಿ ಎಷ್ಟು ಹೊತ್ತಿಗೆ ಆಡಬೇಕು, ಯಾವಾಗ ನಿಲ್ಲಿಸಬೇಕು ಅನ್ನೋದು ಕೂಡ ಪಾಠವೇ.

ಪಿಟಿ ಮೇಷ್ಟ್ರು ಹವಾಮಾನ ಬದಲಾವಣೆ ಪಾಠ ಮಾಡೋದು ತಮಾಷೆ ಅನ್ನಿಸಬಹುದು. ಆದರೆ ಅಮೆರಿಕದ ನ್ಯೂಜೆರ್ಸಿ ರಾಜ್ಯದಲ್ಲಿ ದೈಹಿಕ ಶಿಕ್ಷಣದ ಪಠ್ಯ ಮಾನದಂಡದಲ್ಲೇ ಇದಕ್ಕೆ ಜಾಗ ಇದೆ. ಅಲ್ಲಿ ಏನಾಯ್ತು, ಅದು ನಡೀತಿದೆಯಾ, ನಮಗೆ ಅದರಿಂದ ಏನು ತಿಳಿಯುತ್ತೆ ಅನ್ನೋದೇ ಇವತ್ತಿನ ವಿಷಯ.

ಏನು ತೀರ್ಮಾನ ಆಯ್ತು?

2020ರ ಜೂನ್. ಕೋವಿಡ್ ಜೋರಾಗಿದ್ದ ಸಮಯ. ನ್ಯೂಜೆರ್ಸಿಯ ರಾಜ್ಯ ಶಿಕ್ಷಣ ಮಂಡಳಿ ಹೊಸ ಕಲಿಕಾ ಮಾನದಂಡಗಳನ್ನು ಒಪ್ಪಿಕೊಂಡಿತು. ಹವಾಮಾನ ಬದಲಾವಣೆಯನ್ನು ಬೇರೆ ಬೇರೆ ವಿಷಯಗಳ ಮಾನದಂಡದೊಳಗೇ ಸೇರಿಸಿದ ಮೊದಲ ಅಮೆರಿಕನ್ ರಾಜ್ಯ ಅದು. ಆಗಿನ ಗವರ್ನರ್ ಫಿಲ್ ಮರ್ಫಿ ಅವರ ಪತ್ನಿ ಟ್ಯಾಮಿ ಮರ್ಫಿ ಇದರ ಹಿಂದೆ ಬಿದ್ದು ಕೆಲಸ ಮಾಡಿದ್ದರು.

ಶಾಲೆಗಳಲ್ಲಿ ಇದು ಜಾರಿಗೆ ಬಂದಿದ್ದು 2022ರ ಸೆಪ್ಟೆಂಬರ್‌ನಲ್ಲಿ. ಶಿಶುವಿಹಾರದಿಂದ 12ನೇ ತರಗತಿವರೆಗೆ, ಏಳು ವಿಷಯಗಳಲ್ಲಿ: ವಿಜ್ಞಾನ, ಸಮಾಜ ವಿಜ್ಞಾನ, ಆರೋಗ್ಯ ಮತ್ತು ದೈಹಿಕ ಶಿಕ್ಷಣ, ಕಲೆ, ಬೇರೆ ದೇಶದ ಭಾಷೆಗಳು, ಕಂಪ್ಯೂಟರ್ ಮತ್ತು ವಿನ್ಯಾಸ, ವೃತ್ತಿ ಕೌಶಲ. ಈ ಪಟ್ಟಿಯಲ್ಲಿ ಇಂಗ್ಲಿಷ್ ಮತ್ತು ಗಣಿತ ಇರಲಿಲ್ಲ. 2023ರಲ್ಲಿ ಆ ಎರಡೂ ಸೇರಿದವು.

ಇದು ಸಣ್ಣ ಪ್ರಯೋಗ ಅಲ್ಲ. ಅಲ್ಲಿನ ಸರ್ಕಾರಿ ಶಾಲೆಗಳಲ್ಲಿ ಸುಮಾರು 14 ಲಕ್ಷ ಮಕ್ಕಳಿದ್ದಾರೆ. ಎಡಿಸನ್ ಥರದ ಊರುಗಳಲ್ಲಿ ಭಾರತೀಯ ಮೂಲದ ಮಕ್ಕಳೇ ದೊಡ್ಡ ಸಂಖ್ಯೆಯಲ್ಲಿದ್ದಾರೆ, ಕನ್ನಡದ ಮನೆಗಳ ಮಕ್ಕಳೂ ಸೇರಿ. ನಿಮ್ಮ ಚಿಕ್ಕಪ್ಪನ ಮಗಳೋ ಅಕ್ಕನ ಮಗನೋ ಈಗ ಆ ಕ್ಲಾಸಲ್ಲಿ ಕೂತಿರಬಹುದು.

ನ್ಯೂಜೆರ್ಸಿಗೇ ಯಾಕೆ ಈ ಅವಸರ?

ಮ್ಯಾಪ್ ತೆಗೆದು ನೋಡಿ. ಪೂರ್ವಕ್ಕೆ ಉದ್ದಕ್ಕೂ ಅಟ್ಲಾಂಟಿಕ್ ಸಾಗರ. 2012ರ ಅಕ್ಟೋಬರ್ 29ರಂದು ಸ್ಯಾಂಡಿ ಚಂಡಮಾರುತ ನೆಲಕ್ಕೆ ಅಪ್ಪಳಿಸಿದ್ದು ಇದೇ ಕರಾವಳಿಗೆ. 3 ಲಕ್ಷಕ್ಕೂ ಹೆಚ್ಚು ಮನೆಗಳಿಗೆ ಹಾನಿಯಾಯಿತು. 2021ರ ಸೆಪ್ಟೆಂಬರ್ 1ರಂದು ಐಡಾ ಚಂಡಮಾರುತದ ಉಳಿಕೆ ಬಂದಾಗ ನ್ಯೂವರ್ಕ್‌ನಲ್ಲಿ ಒಂದೇ ದಿನ 8.4 ಇಂಚು ಮಳೆ. ಆ ಊರಿನ ದಾಖಲೆ ಅದು. ರಾಜ್ಯದಲ್ಲಿ ಸುಮಾರು 30 ಜನ ತೀರಿಕೊಂಡರು. ಎಷ್ಟೋ ಜನ ಸತ್ತಿದ್ದು ಸಮುದ್ರದ ಹತ್ತಿರ ಅಲ್ಲ, ಊರೊಳಗಿನ ರಸ್ತೆಯಲ್ಲಿ, ಕಾರಿನೊಳಗೆ ಸಿಕ್ಕಿಹಾಕಿಕೊಂಡು.

ಅಂದ್ರೆ ಆ ಮಕ್ಕಳಿಗೆ ಇದು ಹಿಮಕರಡಿಯ ಕಥೆ ಅಲ್ಲ. ಮನೆಯ ಗೋಡೆ ಮೇಲೆ ನೀರು ನಿಂತ ಗುರುತು.

ಸೈನ್ಸ್ ಮೇಷ್ಟ್ರು ಹೇಳಿದ್ರೆ ಸಾಕಲ್ವಾ?

ಇದು ತುಂಬಾ ಜನ ಕೇಳೋ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೂ ಹೌದು. ಉತ್ತರಕ್ಕೆ ಒಂದೇ ಒಂದು ಸಂಗತಿ ತಗೊಂಡು, ಅದನ್ನ ತರಗತಿಯಿಂದ ತರಗತಿಗೆ ಹೊತ್ತುಕೊಂಡು ಹೋಗೋಣ.

ಸಂಗತಿ ಇದು: ನ್ಯೂಜೆರ್ಸಿಯ ಅಟ್ಲಾಂಟಿಕ್ ಸಿಟಿಯಲ್ಲಿ ಸಮುದ್ರದ ಮಟ್ಟ 1911ರಿಂದ 2019ರೊಳಗೆ ಸುಮಾರು 18 ಇಂಚು ಏರಿದೆ. ಜಗತ್ತಿನ ಸರಾಸರಿ ಏರಿಕೆ ಇದೇ ಅವಧಿಯಲ್ಲಿ ಸುಮಾರು 8 ಇಂಚು. ಅಲ್ಲಿನ ರಟ್ಗರ್ಸ್ ವಿಶ್ವವಿದ್ಯಾಲಯದ ವಿಜ್ಞಾನಿಗಳ ಲೆಕ್ಕ ಇದು.

ಮೊದಲು ಗಣಿತದ ಕ್ಲಾಸ್. 108 ವರ್ಷ, 18 ಇಂಚು. ಭಾಗಿಸಿ: ಆರು ವರ್ಷಕ್ಕೆ ಒಂದು ಇಂಚು. ಸುಲಭ. ಈಗ ಕಷ್ಟದ ಪ್ರಶ್ನೆ: ಪ್ರತಿ ಆರು ವರ್ಷಕ್ಕೂ ಸರಿಯಾಗಿ ಒಂದೊಂದೇ ಇಂಚು ಏರಿತಾ? ಇಲ್ಲ. ಸರಾಸರಿ ಅನ್ನೋದು ಏರಿಳಿತವನ್ನು ಮುಚ್ಚಿಡುತ್ತೆ. ಗ್ರಾಫ್ ಹಾಕಿದಾಗ ಗೆರೆ ನೇರವಾಗಿದೆಯಾ, ಕೊನೆಗೆ ಬರ್ತಾ ಮೇಲಕ್ಕೆ ಬಾಗ್ತಿದೆಯಾ ಅಂತ ನೋಡೋದನ್ನ ಕಲಿಸೋದು ಗಣಿತ.

ಆಮೇಲೆ ವಿಜ್ಞಾನ. 18ರಲ್ಲಿ 8 ಕಳೆದ್ರೆ 10 ಉಳಿಯಿತು. ಆ 10 ಇಂಚು ಎಲ್ಲಿಂದ ಬಂತು? ಇಲ್ಲೊಂದು ಅಚ್ಚರಿ ಇದೆ. ಅದರಲ್ಲಿ ದೊಡ್ಡ ಪಾಲು ನೀರು ಏರಿದ್ದಲ್ಲ, ನೆಲ ಇಳಿದಿದ್ದು. ಹಿಮಯುಗದಲ್ಲಿ ಕೆನಡಾ ಕಡೆ ಬೃಹತ್ ಹಿಮದ ರಾಶಿ ಕೂತಿತ್ತು. ಸ್ಪಂಜಿನ ಹಾಸಿಗೆ ಮೇಲೆ ಒಬ್ಬರು ಕೂತ್ರೆ ಪಕ್ಕದ ಜಾಗ ಉಬ್ಬುತ್ತಲ್ಲ, ಹಾಗೆ ದಕ್ಷಿಣದ ನೆಲ ಉಬ್ಬಿತ್ತು. ಹಿಮ ಕರಗಿ ಸಾವಿರಾರು ವರ್ಷ ಆದ್ರೂ ಆ ಉಬ್ಬು ಇನ್ನೂ ನಿಧಾನವಾಗಿ ಇಳೀತಾನೇ ಇದೆ. ಜೊತೆಗೆ ಕರಾವಳಿಯ ಮಣ್ಣು ಒತ್ತಿಕೊಳ್ಳೋದು, ಅಂತರ್ಜಲ ಎತ್ತೋದು ಸೇರುತ್ತೆ.

ಇದನ್ನ ಮಕ್ಕಳಿಗೆ ಹೇಳೋದು ಬಹಳ ಮುಖ್ಯ. ಯಾಕೆ? ಎಲ್ಲವನ್ನೂ ಕಾರ್ಬನ್ ತಲೆಗೆ ಕಟ್ಟಿದ್ರೆ, ನಾಳೆ ಯಾರೋ ವಾಟ್ಸ್ಆ್ಯಪ್‌ನಲ್ಲಿ 'ನೋಡಿ, ಅಲ್ಲಿ ನೆಲಾನೇ ಕುಸೀತಿದೆ, ಹವಾಮಾನ ಬದಲಾವಣೆ ಎಲ್ಲಾ ಸುಳ್ಳು' ಅಂತ ಕಳಿಸಿದಾಗ ಆ ಮಗುವಿನ ನಂಬಿಕೆ ಪೂರ್ತಿ ಬಿದ್ದುಹೋಗುತ್ತೆ. ಎರಡೂ ನಿಜ ಅಂತ ಗೊತ್ತಿರೋ ಮಗು ಗೊಂದಲ ಆಗಲ್ಲ. ನೆಲ ಇಳಿಯೋದು ಹಳೆಯ ಸಾಲ. ಸಮುದ್ರ ಬಿಸಿಯಾಗಿ ಹಿಗ್ಗೋದು, ಹಿಮ ಕರಗೋದು ಅದರ ಮೇಲೆ ಏರ್ತಿರೋ ಬಡ್ಡಿ. ಈ ಬಡ್ಡಿಯ ದರ ಈಗ ಹೆಚ್ಚಾಗ್ತಿದೆ.

ಮುಂದಿನ ಪೀರಿಯಡ್ ಸಮಾಜ ವಿಜ್ಞಾನ. ನ್ಯೂಜೆರ್ಸಿಯಲ್ಲಿ 'ಬ್ಲೂ ಏಕರ್ಸ್' ಅನ್ನೋ ಯೋಜನೆ ಇದೆ. ಪದೇ ಪದೇ ನೀರು ನುಗ್ಗೋ ಮನೆಗಳನ್ನು, ಮಾಲೀಕರು ಒಪ್ಪಿದರೆ, ಸರ್ಕಾರವೇ ದುಡ್ಡು ಕೊಟ್ಟು ಕೊಂಡುಕೊಳ್ಳುತ್ತೆ. ಮನೆ ಕೆಡವಿ ಜಾಗವನ್ನು ಖಾಲಿ ಬಿಡುತ್ತೆ, ಮುಂದಿನ ಸಲ ನೀರು ಅಲ್ಲಿ ನಿಲ್ಲಲಿ ಅಂತ. ಕೇಳೋಕೆ ಚೆನ್ನಾಗಿದೆ. ಆದರೆ ಅಜ್ಜ ಕಟ್ಟಿದ ಮನೆ ಕೊಡ್ತೀರಾ? ಪಕ್ಕದವರು ಕೊಟ್ಟು ಹೋದ್ಮೇಲೆ ಬೀದಿಯಲ್ಲಿ ನೀವೊಬ್ರೇ ಉಳಿದ್ರೆ? ಇನ್ನೂ ಒಂದು ತಿರುವು: ಅಲ್ಲಿ ಶಾಲೆ ನಡೆಯೋಕೆ ದೊಡ್ಡ ಮಟ್ಟದ ದುಡ್ಡು ಬರೋದು ಊರಿನ ಆಸ್ತಿ ತೆರಿಗೆಯಿಂದ. ಮನೆಗಳು ಹೋದ್ರೆ ತೆರಿಗೆ ಹೋಗುತ್ತೆ. ನೀರಿನಿಂದ ಮನೆ ಉಳಿಸೋಕೆ ಹೋಗಿ ಶಾಲೆಯ ಬಜೆಟ್‌ಗೇ ಏಟು ಬೀಳಬಹುದು. ಇದಕ್ಕೆ ಪುಸ್ತಕದ ಹಿಂದೆ ಉತ್ತರ ಇಲ್ಲ. ಕೂತು ವಾದ ಮಾಡಬೇಕು.

ಕೊನೆಗೆ ವೃತ್ತಿ ಕೌಶಲದ ಕ್ಲಾಸ್. ಇದೇ ಕರಾವಳಿಯ ಆಚೆ ಸಮುದ್ರದಲ್ಲಿ ಗಾಳಿ ವಿದ್ಯುತ್ ಕಂಬಗಳನ್ನು ನಿಲ್ಲಿಸೋ ಎರಡು ದೊಡ್ಡ ಯೋಜನೆಗಳಿದ್ದವು. ಡೆನ್ಮಾರ್ಕ್‌ನ ಆರ್ಸ್ಟೆಡ್ ಕಂಪನಿ 2023ರ ಅಕ್ಟೋಬರ್ ಕೊನೆಯಲ್ಲಿ ಎರಡನ್ನೂ ಕೈಬಿಟ್ಟಿತು. ಹಸಿರು ಉದ್ಯೋಗ ಅಂತ ಕೋರ್ಸ್ ಸೇರೋ ಹುಡುಗನಿಗೆ ಬಡ್ಡಿ ದರ, ಸಾಮಗ್ರಿ ಬೆಲೆ, ಸ್ಥಳೀಯರ ವಿರೋಧ ಇವೆಲ್ಲ ಗೊತ್ತಿರಬೇಕಲ್ವಾ?

ನೋಡಿ, ಒಂದೇ ಸಂಗತಿ ನಾಲ್ಕು ಕ್ಲಾಸ್ ಸುತ್ತಿತು. ಕಾರಣ ಏನು ಅಂತ ವಿಜ್ಞಾನ ಹೇಳುತ್ತೆ. ಎಷ್ಟು ಅಂತ ಗಣಿತ ಹೇಳುತ್ತೆ. ಆದರೆ 'ಹಾಗಾದ್ರೆ ಏನು ಮಾಡೋಣ, ಯಾರು ದುಡ್ಡು ಕೊಡಬೇಕು, ಯಾರು ಮನೆ ಬಿಡಬೇಕು' ಅನ್ನೋ ಪ್ರಶ್ನೆಗಳು ಲ್ಯಾಬ್‌ನಲ್ಲಿ ಬಗೆಹರಿಯೋವಲ್ಲ.

ಭಾಷೆಯ ಕ್ಲಾಸಲ್ಲಿ ಏನು ಮಾಡ್ತಾರೆ?

ಇದಕ್ಕೆ ಉದಾಹರಣೆ ನಮ್ಮ ಕನ್ನಡದಲ್ಲೇ ಇದೆ. ಟಿವಿಯಲ್ಲಿ 'ಇವತ್ತಿನ ಹವಾಮಾನ ವರದಿ' ಅಂತಾರೆ. ಅದೇ ಟಿವಿಯಲ್ಲಿ 'ಹವಾಮಾನ ಬದಲಾವಣೆ' ಅಂತಾರೆ. ಎರಡಕ್ಕೂ ಒಂದೇ ಪದ. ಹೀಗಾಗಿ ಜನವರಿಯಲ್ಲಿ ಚಳಿ ಜೋರಾದ್ರೆ 'ಎಲ್ಲಿದೆ ನಿಮ್ಮ ಭೂಮಿ ಬಿಸಿಯಾಗೋದು?' ಅಂತ ಕೇಳೋದು ಸಹಜ.

ನಮ್ಮ ಭೂಗೋಳದ ಪುಸ್ತಕಗಳಲ್ಲಿ ವ್ಯತ್ಯಾಸ ಇತ್ತು, ಗಮನಿಸಿದ್ರಾ? ಇವತ್ತು, ನಾಳೆಯ ಬಿಸಿಲು ಮಳೆಗೆ 'ಹವಾಮಾನ'. ಒಂದು ಪ್ರದೇಶದಲ್ಲಿ ಹತ್ತಾರು ವರ್ಷ ಕಂಡುಬರೋ ಸಾಮಾನ್ಯ ರೀತಿಗೆ 'ವಾಯುಗುಣ'. ಬದಲಾಗ್ತಿರೋದು ವಾಯುಗುಣ. ಸುದ್ದಿಯಲ್ಲಿ, ಮಾತಿನಲ್ಲಿ ಮಾತ್ರ ಹವಾಮಾನ ಬದಲಾವಣೆ ಅನ್ನೋದೇ ನಿಂತುಬಿಟ್ಟಿದೆ. ನಾನೂ ಇವತ್ತು ಅದನ್ನೇ ಬಳಸ್ತಾ ಇದ್ದೀನಿ. ಈ ಒಂದು ಗೊಂದಲ ಬಿಡಿಸೋಕೆ ಯಾವ ಪ್ರಯೋಗಾಲಯವೂ ಬೇಡ, ಒಬ್ಬ ಒಳ್ಳೇ ಕನ್ನಡ ಮೇಷ್ಟ್ರು ಸಾಕು.

ಸರಿ, ಇದೆಲ್ಲಾ ನಿಜಕ್ಕೂ ನಡೀತಿದೆಯಾ?

ಇಲ್ಲಿಂದ ಕಥೆ ಸ್ವಲ್ಪ ಕಷ್ಟ ಆಗುತ್ತೆ.

ಮೊದಲನೇ ತೊಡಕು: ರಾಜ್ಯ ಬರೆದಿರೋದು ಮಾನದಂಡ ಮಾತ್ರ. ಅಂದ್ರೆ ಮಗು ಇಷ್ಟು ಕಲಿತಿರಬೇಕು ಅನ್ನೋ ಪಟ್ಟಿ. ಪಾಠ ಹೇಗೆ ಕಟ್ಟಬೇಕು ಅನ್ನೋದು ಸ್ಥಳೀಯ 'ಶಾಲಾ ಜಿಲ್ಲೆ'ಗಳ ಕೆಲಸ. ಜಿಲ್ಲೆ ಅಂದ್ರೆ ನಮ್ಮ ಮಂಡ್ಯ, ಹಾಸನದಷ್ಟು ದೊಡ್ಡದಲ್ಲ, ಕೆಲವು ಸಲ ಒಂದು ಊರಿಗೇ ಒಂದು. ಅಂಥವು ಅಲ್ಲಿ ಸುಮಾರು 600 ಇವೆ. ಹಾಗಾಗಿ ಒಂದು ಊರಲ್ಲಿ ಮಕ್ಕಳು ಹಳ್ಳದ ನೀರು ಅಳೀತಿದ್ರೆ, ಪಕ್ಕದೂರಲ್ಲಿ ಒಂದು ವಿಡಿಯೋ ತೋರಿಸಿ ಮುಗಿಸಬಹುದು.

ಎರಡನೇದು ದುಡ್ಡು. ಜಾರಿಯಾದ ಮೊದಲ ವರ್ಷದ ಬಜೆಟ್‌ನಲ್ಲಿ ಇದಕ್ಕಾಗಿ 50 ಲಕ್ಷ ಡಾಲರ್ ಇಟ್ಟರು. ದೊಡ್ಡ ಮೊತ್ತ ಅನ್ನಿಸುತ್ತೆ. 14 ಲಕ್ಷ ಮಕ್ಕಳಿಗೆ ಹಂಚಿ ನೋಡಿ, ತಲೆಗೆ ನಾಲ್ಕು ಡಾಲರ್ ಕೂಡ ಬರಲ್ಲ. ಹಾಗಂತ ಅದು ವ್ಯರ್ಥ ಅಲ್ಲ, ಶಾಲೆಗಳಿಗೆ ಅನುದಾನವಾಗಿ ಹೋಯ್ತು. ಆದರೆ ಒಬ್ಬ ಸಂಗೀತದ ಟೀಚರ್, ಒಬ್ಬ ಸ್ಪ್ಯಾನಿಷ್ ಟೀಚರ್ ಇದುವರೆಗೆ ತಾವೇ ಓದಿರದ ವಿಷಯವನ್ನು ಧೈರ್ಯವಾಗಿ ಕಲಿಸಬೇಕು ಅಂದ್ರೆ ತರಬೇತಿ ಬೇಕು, ತಯಾರಿಗೆ ಸಮಯ ಬೇಕು.

ಮೂರನೇದು ಪರೀಕ್ಷೆ. ಅಲ್ಲೂ ರಾಜ್ಯಮಟ್ಟದ ಪರೀಕ್ಷೆ ಇದೆ, ಮುಖ್ಯವಾಗಿ ಇಂಗ್ಲಿಷ್, ಗಣಿತ, ವಿಜ್ಞಾನಕ್ಕೆ. ಚಿತ್ರಕಲೆಯ ಕ್ಲಾಸಲ್ಲಿ ಹವಾಮಾನದ ಬಗ್ಗೆ ಏನು ಕಲಿತ್ರು ಅಂತ ರಾಜ್ಯ ಯಾರನ್ನೂ ಪರೀಕ್ಷೆ ಮಾಡಲ್ಲ. ಪರೀಕ್ಷೆಗೆ ಬರದ ಪಾಠದ ಗತಿ ಏನು ಅಂತ ನಿಮಗೆ ನಾನು ಹೇಳಬೇಕಾ?

ರಾಜಕೀಯವೂ ಇದೆ. ಇದೇ ಅಮೆರಿಕದ ಟೆಕ್ಸಾಸ್‌ನಲ್ಲಿ 2023ರಲ್ಲಿ ರಾಜ್ಯ ಶಿಕ್ಷಣ ಮಂಡಳಿ ಹಲವು ವಿಜ್ಞಾನ ಪಠ್ಯಪುಸ್ತಕಗಳನ್ನು ತಿರಸ್ಕರಿಸಿತು. ಹವಾಮಾನದ ವಿಷಯ ಅದರಲ್ಲಿ ಹೇಗೆ ಬಂದಿದೆ ಅನ್ನೋದೂ ಒಂದು ಕಾರಣ. ಒಂದೇ ದೇಶ, ಎರಡು ಮಗು, ಎರಡು ಬೇರೆ ಬೇರೆ ಭೂಮಿ.

ಮಕ್ಕಳು ಹೆದರಲ್ವಾ?

ಹೆದರ್ತಾರೆ. ಆದರೆ ಪಾಠ ಮಾಡದಿದ್ರೂ ಹೆದರ್ತಾರೆ. 2021ರಲ್ಲಿ ಹತ್ತು ದೇಶಗಳ 16ರಿಂದ 25 ವಯಸ್ಸಿನ 10,000 ಯುವಜನರನ್ನು ಸಂಶೋಧಕರು ಮಾತನಾಡಿಸಿದರು. ಭಾರತವೂ ಅದರಲ್ಲಿತ್ತು. ಹವಾಮಾನ ಬದಲಾವಣೆ ಬಗ್ಗೆ 'ತುಂಬಾ' ಅಥವಾ 'ವಿಪರೀತ' ಚಿಂತೆ ಇದೆ ಅಂದವರು ಶೇ 59. ಈ ಚಿಂತೆ ದಿನನಿತ್ಯದ ಬದುಕಿಗೂ ತಟ್ಟುತ್ತಿದೆ ಅಂದವರು ಶೇ 45ಕ್ಕೂ ಹೆಚ್ಚು.

2023ರ ಜೂನ್‌ನಲ್ಲಿ ಕೆನಡಾದ ಕಾಡ್ಗಿಚ್ಚಿನ ಹೊಗೆ ಬಂದು ನ್ಯೂಜೆರ್ಸಿಯ ಆಕಾಶ ಕಿತ್ತಳೆ ಬಣ್ಣಕ್ಕೆ ತಿರುಗಿತು. ಶಾಲೆಗಳು ಹೊರಗಿನ ಆಟ ನಿಲ್ಲಿಸಿದವು. ಆ ದಿನ ಏಳು ವರ್ಷದ ಮಗು ಕೇಳುತ್ತೆ, 'ಆಕಾಶಕ್ಕೆ ಏನಾಯ್ತು ಮಿಸ್?' ಟೀಚರ್ ಹತ್ರ ಉತ್ತರ ಇಲ್ಲ ಅಂದ್ರೆ ಮಗು ಸುಮ್ಮನಾಗಲ್ಲ, ಫೋನ್ ಹತ್ರ ಹೋಗುತ್ತೆ. ಅಲ್ಲಿ ಏನು ಸಿಗುತ್ತೆ ಅಂತ ನಮಗೆಲ್ಲ ಗೊತ್ತು.

ಹಾಗಾಗಿ ವಯಸ್ಸಿಗೆ ತಕ್ಕ ಹಾಗೆ ಹೇಳೋದು ಮುಖ್ಯ. ಚಿಕ್ಕ ಮಕ್ಕಳಿಗೆ ಪ್ರಳಯದ ಕಥೆ ಬೇಡ. ಮಳೆ ಅಳೆಯೋದು, ನೆರಳಲ್ಲೂ ಬಿಸಿಲಲ್ಲೂ ತಾಪಮಾನ ನೋಡೋದು, ಶಾಲೆ ಅಂಗಳದಲ್ಲಿ ನೀರು ಎಲ್ಲಿ ನಿಲ್ಲುತ್ತೆ ಅಂತ ಗುರುತಿಸೋದು ಸಾಕು. ದೊಡ್ಡವರಾದ ಹಾಗೆ ಕಷ್ಟದ ಪ್ರಶ್ನೆ. ಕೈಗೆ ಒಂದು ಕೆಲಸ ಇರೋ ಮಗುವಿಗೆ ಭಯ ಇದ್ರೂ ಅದು ಕೈಕಟ್ಟಿ ಕೂರಿಸೋ ಭಯ ಆಗಲ್ಲ.

ಈ ದಾರಿಯಲ್ಲಿ ಭಾರತ ಮೊದಲೇ ನಡೆದಿತ್ತು

ಈಗ ನಮ್ಮ ಕಡೆ ಬರೋಣ. ವಕೀಲ ಎಂ.ಸಿ. ಮೆಹ್ತಾ ಹಾಕಿದ್ದ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1991ರಲ್ಲೇ ಪರಿಸರ ಶಿಕ್ಷಣ ಕಡ್ಡಾಯ ಆಗಬೇಕು ಅಂತ ಹೇಳಿತ್ತು. 2003ರಲ್ಲಿ ಮತ್ತೆ, ಪ್ರತಿ ತರಗತಿಗೂ ಪಠ್ಯಕ್ರಮ ಮಾಡಿ ಅಂತ ಎನ್‌ಸಿಇಆರ್‌ಟಿಗೆ ಸೂಚಿಸಿತು. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು, ಪರಿಸರದ ವಿಷಯ ಎಲ್ಲಾ ಪಾಠಗಳೊಳಗೂ ಹಾಸುಹೊಕ್ಕಾಗಲಿ ಅನ್ನೋ ದಾರಿ ಹಿಡಿಯಿತು. ಅಂದ್ರೆ ನ್ಯೂಜೆರ್ಸಿಗಿಂತ 15 ವರ್ಷ ಮೊದಲೇ ಈ ಯೋಚನೆ ನಮ್ಮಲ್ಲಿತ್ತು.

ಡಿಗ್ರಿ ಓದಿದವರಿಗೆ 'ಎನ್ವಿರಾನ್‌ಮೆಂಟಲ್ ಸ್ಟಡೀಸ್' ಅನ್ನೋ ಕಡ್ಡಾಯ ಪೇಪರ್ ನೆನಪಿರಬೇಕು. ಅದು ಬಂದಿದ್ದೂ ಇದೇ ಕೋರ್ಟ್ ಆದೇಶದಿಂದ. ಅದಕ್ಕೆ ಹಿಂದಿನ ದಿನ ರಾತ್ರಿ ಝೆರಾಕ್ಸ್ ನೋಟ್ಸ್ ತಗೊಂಡು ಪಾಸಾದವರು ನಮ್ಮ ಕೇಳುಗರಲ್ಲಿ ಎಷ್ಟು ಜನ? ಕೈ ಎತ್ತೋದು ಬೇಡ ಬಿಡಿ.

ಇಲ್ಲೇ ಇರೋದು ಪಾಠ. ಬೇರೆ ಪೇಪರ್ ಮಾಡಿದ್ರೆ ಅದು ಪಾಸಾಗೋ ಪೇಪರ್ ಆಗುತ್ತೆ. ಎಲ್ಲಾ ವಿಷಯದಲ್ಲೂ ಬೆರೆಸಿದ್ರೆ ಅದು ಯಾರದ್ದೂ ಅಲ್ಲದ ಕೆಲಸ ಆಗುತ್ತೆ. ಊರಿಗೆಲ್ಲ ಸೇರಿದ ಕೆರೆಯ ಹೂಳು ಎತ್ತೋರು ಯಾರು, ಆ ಥರ. ಬೆರೆಸಿದ್ದನ್ನು ತೆಗೆಯೋದೂ ಸುಲಭ. ನ್ಯೂಜೆರ್ಸಿಯಲ್ಲಿ ಹೊಸ ಪಾಠ ಶುರುವಾದ ಅದೇ 2022ರಲ್ಲಿ, ಕೋವಿಡ್ ನಂತರ ಮಕ್ಕಳ ಹೊರೆ ಇಳಿಸೋಕೆ ಅಂತ ಎನ್‌ಸಿಇಆರ್‌ಟಿ ಪುಸ್ತಕಗಳನ್ನು ತೆಳುವಾಗಿಸಿತು. 7ನೇ ತರಗತಿ ವಿಜ್ಞಾನದಿಂದ ವಾಯುಗುಣದ ಅಧ್ಯಾಯ ಹೋಯ್ತು, ಗಾಳಿ ಮತ್ತು ಚಂಡಮಾರುತದ ಅಧ್ಯಾಯ ಹೋಯ್ತು, ನೀರಿನ ಅಧ್ಯಾಯ ಹೋಯ್ತು. 10ನೇ ತರಗತಿಯಿಂದ ಶಕ್ತಿಯ ಆಕರಗಳು, ನೈಸರ್ಗಿಕ ಸಂಪನ್ಮೂಲಗಳ ನಿರ್ವಹಣೆ ಹೋದವು. ಮುಂದಿನ ವರ್ಷವೇ, 2023ರಲ್ಲಿ, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ ಅಂತ ಘೋಷಣೆ ಆದವು. ನೀರಿನ ಪಾಠ ಪುಸ್ತಕದಲ್ಲಿಲ್ಲ, ಮನೆ ನಲ್ಲಿಯಲ್ಲಿ ನೀರಿಲ್ಲ.

ಹಾಗಾದ್ರೆ ಬೇಕಾಗಿರೋದು ಏನು?

ನ್ಯೂಜೆರ್ಸಿ ಮತ್ತು ನಮ್ಮ ಅನುಭವ, ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ ಒಂದು ಮಾತು ಸ್ಪಷ್ಟ. ಎಲ್ಲಾ ವಿಷಯದಲ್ಲೂ ಇರಲಿ ಅಂತ ಆದೇಶ ಬರೆಯೋದು ಸುಲಭದ ಅರ್ಧ. ಕಷ್ಟದ ಅರ್ಧ ಇರೋದು ಟೀಚರ್ ಹತ್ರ. ಅವರಿಗೆ ತಯಾರಿಗೆ ಸಮಯ ಕೊಟ್ಟಿದ್ದೀರಾ, ಜೊತೆಗೆ ಕೂತು ಪಾಠ ಹೆಣೆಯೋಕೆ ಬಿಟ್ಟಿದ್ದೀರಾ, ಈ ಶಾಲೆಯಲ್ಲಿ ಇದನ್ನ ನೋಡಿಕೊಳ್ಳೋರು ಇಂಥವರು ಅಂತ ಒಬ್ಬರ ಹೆಸರು ಇದೆಯಾ? ಈ ಮೂರು ಇಲ್ಲದಿದ್ರೆ ಉಳಿದಿದ್ದು ಕಾಗದ.

ಮತ್ತೆ ಪಾಠ ಊರಿಂದ ಶುರುವಾಗಬೇಕು. ಅಟ್ಲಾಂಟಿಕ್ ಸಿಟಿಯ ಮಗುವಿಗೆ ಸಮುದ್ರದ ಮಟ್ಟ. ಕೊಡಗಿನ ಮಗುವಿಗೆ 2018ರ ಆಗಸ್ಟ್‌ನಲ್ಲಿ ಜಾರಿದ ಗುಡ್ಡ. ಕಲಬುರಗಿ, ರಾಯಚೂರಿನ ಮಗುವಿಗೆ ಬಿಸಿಲು. ಅಲ್ಲಿ ಬೇಸಿಗೆ ಬಂದ್ರೆ ಸರ್ಕಾರಿ ಕಚೇರಿಗಳ ಸಮಯವನ್ನೇ ಬೆಳಗ್ಗೆಗೆ ಬದಲಾಯಿಸ್ತಾರೆ. ಕಚೇರಿಗೆ ಗೊತ್ತಿರೋ ವಿಷಯ ಪಿಟಿ ಪೀರಿಯಡ್‌ಗೂ ಗೊತ್ತಾಗಬೇಕಲ್ವಾ?

ನಿಮ್ಮಲ್ಲಿ ಯಾರಾದ್ರೂ ಟೀಚರ್ ಆಗಿದ್ರೆ, ಬಿಎಡ್ ಓದ್ತಾ ಇದ್ರೆ, ಒಂದು ಸಣ್ಣ ಕೆಲಸ ಮಾಡಿ ನೋಡಿ. ನಿಮ್ಮ ತಾಲ್ಲೂಕಿನ ಕಳೆದ ಕೆಲವು ವರ್ಷಗಳ ಮಳೆ ಲೆಕ್ಕ ಹುಡುಕಿ. ಅದನ್ನ ಸ್ಟಾಫ್ ರೂಮಿಗೆ ತಗೊಂಡು ಹೋಗಿ, ಬೇರೆ ವಿಷಯದ ಇನ್ನೊಬ್ಬರನ್ನ ಕೇಳಿ: 'ಸರ್, ಇದರಲ್ಲಿ ನಿಮ್ಮ ಪಾಠ ಎಲ್ಲಿದೆ?' ಇಬ್ಬರು ಸೇರಿದ್ರೆ ಸಾಕು, ಶುರುವಾಯ್ತು ಅಂತ ಲೆಕ್ಕ. ಆ ಇಬ್ಬರಲ್ಲಿ ಒಬ್ಬರು ಪಿಟಿ ಮೇಷ್ಟ್ರಾದ್ರೆ ಇನ್ನೂ ಒಳ್ಳೇದು.

ಇವತ್ತಿಗೆ ಇಷ್ಟು. ನಿಮ್ಮ ಶಾಲೆಯಲ್ಲಿ ಹವಾಮಾನದ ಪಾಠ ಹೇಗಿತ್ತು ಅಂತ ನಮಗೆ ಒಂದು ವಾಯ್ಸ್ ನೋಟ್ ಕಳಿಸಿ. ಮತ್ತೆ ಸಿಗೋಣ. ನೀರು ಕುಡೀರಿ, ಮಧ್ಯಾಹ್ನದ ಬಿಸಿಲಲ್ಲಿ ಕ್ರಿಕೆಟ್ ಸ್ವಲ್ಪ ಕಮ್ಮಿ ಮಾಡಿ. ನಮಸ್ಕಾರ.